ಕಾಜಕ್ಕನ ಹೆಸರಿಗೆ ಬಂದ ಪತ್ರಗಳು

ಶಾಲೆಯ ಸಮವಸ್ತ್ರ ಹೊಲಿಯುವ ಆ ಶೆಡ್ಡಿನಲ್ಲಿ ಹದಿನಾರು ಹೆಂಗಸರು ಕೆಲಸ ಮಾಡುತ್ತಿದ್ದರು. ಅವರಲ್ಲಿ ಒಬ್ಬಳನ್ನು ಎಲ್ಲರೂ ಕಾಜಕ್ಕ ಎಂದು ಕರೆಯುತ್ತಿದ್ದರು. ಗುಂಡಿ ತೂರುವ ಸೀಳಿನ ಸುತ್ತ ದಾರ ಹೆಣೆಯುವುದು, ಅಂದರೆ ಕಾಜಾ ಹಾಕುವುದು, ಅವಳ ಕೆಲಸ. ಇಪ್ಪತ್ತೆರಡು ವರ್ಷ ಅದೊಂದೇ ಕೆಲಸ. ಅಂಗಿಗೆ ಕಾಜಾ ಹಾಕುವ ಮೆಷಿನ್ ಬಂದ ಮೇಲೂ ಕೋಟುಗಳೆಲ್ಲ ಅವಳ ಮಡಿಲಿಗೇ ಬಂದು ಬೀಳುತ್ತಿದ್ದವು. "ಮೆಷಿನ್ ಹಾಕಿದ್ದು ಒಂದು ವರ್ಷ, ಕಾಜಕ್ಕ ಹಾಕಿದ್ದು ಕೋಟು ಹರಿಯೋವರೆಗೆ" ಎಂದು ಕಟಿಂಗ್ ಮಾಸ್ಟರ್ ಹೇಳುತ್ತಿದ್ದರು. ಎಪ್ಪತ್ತರ ಆಸುಪಾಸಿನ ಮುದುಕ ಅವರು. ಎರಡು ಮಾತಾಡಿದರೆ ಮೂರು ಸಲ ಕೆಮ್ಮುವವರು.

ಅವಳ ಗಂಡ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಅಚ್ಚಿಗೆ ಹೋಗುವ ಮೊದಲು ಹಾಳೆಗಳನ್ನು ಓದಿ ತಪ್ಪು ಹುಡುಕುವುದು ಅವನ ಹೊಟ್ಟೆಪಾಡು. ಮದುವೆಯಾದ ಹೊಸದರಲ್ಲೇ ಸೂಜಿ ಇವಳದು, ಕಾಗದ ಅವನದು ಎಂದು ಪಾಲಾಗಿಹೋಗಿತ್ತು. ಕರೆಂಟ್ ಬಿಲ್ಲು, ಮದುವೆ ಕರೆಯೋಲೆ, ಮಗಳ ಶಾಲೆಯ ಸುತ್ತೋಲೆ, ಯಾವುದು ಬಂದರೂ ಒಡೆದು ಓದುವವನು ಅವನೇ. ಇವಳಿಗೆ ಓದಲು ಬರುತ್ತಿರಲಿಲ್ಲ ಎಂದಲ್ಲ. ಏಳನೆಯ ತರಗತಿಯವರೆಗೆ ಚೆನ್ನಾಗಿಯೇ ಓದಿದ್ದಳು. ಆದರೆ ಮನೆಯಲ್ಲಿ ಅಷ್ಟು ಚೆನ್ನಾಗಿ ಓದುವವನೊಬ್ಬ ಇರುವಾಗ ತಾನೇಕೆ ಕಣ್ಣು ನೋಯಿಸಿಕೊಳ್ಳಬೇಕು ಎಂದು ಬಿಟ್ಟುಬಿಟ್ಟಿದ್ದಳು.

ಅವಳಿಗೆ ನಲವತ್ತೇಳು ವರ್ಷವಾಗಿದ್ದಾಗ ಒಂದು ದಿನ ಶೆಡ್ಡಿನ ಮುಂದೆ ಆಸ್ಪತ್ರೆಯ ವ್ಯಾನು ನಿಂತಿತು. ಇಳಿದ ಸಿಸ್ಟರಿಗೆ ಕತ್ತರಿಸಿದ ನರೆಗೂದಲು, ಗಟ್ಟಿ ದನಿ. ಬಟ್ಟೆ ಕತ್ತರಿಸುವ ಉದ್ದನೆಯ ಮೇಜನ್ನು ಮೂಲೆಗೆ ಎಳೆಸಿ, ಸುತ್ತ ಪರದೆ ಕಟ್ಟಿಸಿ, ಹೆಂಗಸರನ್ನೆಲ್ಲ ಕೂರಿಸಿಕೊಂಡು ಮಾತು ಶುರುಮಾಡಿದರು.

"ನೋಡ್ರಮ್ಮ, ಗರ್ಭಕೋಶಕ್ಕೆ ಒಂದು ಬಾಯಿ ಇರುತ್ತೆ. ಅಲ್ಲಿ ಬರೋ ಕ್ಯಾನ್ಸರ್ ಒಂದೇ ದಿನಕ್ಕೆ ಬರಲ್ಲ. ಮೊದಲು ಒಂದು ವೈರಸ್ ಬಂದು ಕೂರುತ್ತೆ. ಸಂಸಾರ ಮಾಡಿದ ಮುಕ್ಕಾಲು ಪಾಲು ಜನಕ್ಕೆ ಯಾವಾಗಲೋ ಒಂದು ಸಲ ಅದು ಬಂದಿರುತ್ತೆ, ತಾನಾಗೇ ಹೋಗಿರುತ್ತೆ. ಕೆಲವರಿಗೆ ಮಾತ್ರ ಹೋಗಲ್ಲ. ಹತ್ತು ವರ್ಷ, ಹದಿನೈದು ವರ್ಷ ಅಲ್ಲೇ ಕೂತು ಕೆಡಿಸುತ್ತೆ. ಅಷ್ಟು ದಿನ ನೋವಿಲ್ಲ, ಸದ್ದಿಲ್ಲ. ಆ ಬಾಯಿಗೆ ಸದ್ದು ಮಾಡೋದೇ ಗೊತ್ತಿಲ್ಲ."

"ನಮ್ಮತ್ತೆಗೂ ಅಂಥದ್ದೊಂದು ಬಾಯಿ ಕೊಡಿಸಿ ಸಿಸ್ಟರ್" ಎಂದಳು ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮೆಷಿನ್ನಿನವಳು. ಅವಳಿಗೆ ರೇಡಿಯೋ ಎಂದೇ ಹೆಸರು. ಯಾರ ಮನೆಯಲ್ಲಿ ಏನು ನಡೆದರೂ ಮಧ್ಯಾಹ್ನದ ಬುತ್ತಿ ಬಿಚ್ಚುವಷ್ಟರಲ್ಲಿ ಬಿತ್ತರಿಸಿಬಿಡುತ್ತಿದ್ದಳು. ಹೆಂಗಸರು ಬಿದ್ದು ಬಿದ್ದು ನಕ್ಕರು. ನಕ್ಕಿದ್ದಾಯಿತು, ಪರದೆಯ ಹಿಂದೆ ಹೋಗಲು ಮಾತ್ರ ಒಬ್ಬಳೂ ಏಳಲಿಲ್ಲ.

ಎದ್ದವಳು ಕಾಜಕ್ಕ. "ಮಕ್ಕಳು ಹೆತ್ತವರು ನಾವು, ಈಗೇನ್ರೇ ನಾಚಿಕೆ?" ಎಂದು ಸೀರೆ ಕೊಡವಿಕೊಂಡು ಒಳಗೆ ಹೋದಳು. ಮೂರು ನಿಮಿಷಕ್ಕೆ ಹೊರಗೆ ಬಂದಳು. "ಬೆರಳಿಗೆ ಸೂಜಿ ಚುಚ್ಚಿದಷ್ಟೂ ಇಲ್ಲ, ಸಣ್ಣ ಬ್ರಷ್ಷು ಒರೆಸಿದ ಹಾಗೆ, ಅಷ್ಟೆ." ಅವಳನ್ನು ನೋಡಿ ಇನ್ನೊಬ್ಬಳು ಎದ್ದಳು, ಆಮೇಲೆ ಮತ್ತೊಬ್ಬಳು. ಸಂಜೆಯೊಳಗೆ ಹದಿನಾಲ್ಕು ಜನರದು ಮುಗಿಯಿತು.

ಹೊರಡುವಾಗ ಸಿಸ್ಟರ್ ಒಬ್ಬೊಬ್ಬರ ವಿಳಾಸವನ್ನೂ ಫೋನ್ ನಂಬರನ್ನೂ ಬರೆದುಕೊಂಡರು. "ಏನೂ ಇಲ್ಲದಿದ್ರೆ ಪತ್ರ ಬರಲ್ಲ. ವೈರಸ್ ಕಂಡುಬಂದವರಿಗೆ ಮಾತ್ರ ಪತ್ರ ಬರುತ್ತೆ. ಬಂದರೆ ಹೆದರಬೇಡಿ, ಕ್ಯಾನ್ಸರ್ ಅಂತ ಅಲ್ಲ. ಆಸ್ಪತ್ರೆಗೆ ಬಂದರೆ ಇನ್ನೊಂದು ಸಲ ನೋಡಿ, ಕೆಟ್ಟ ಜಾಗ ಇದ್ರೆ ಅಲ್ಲೇ ಸುಟ್ಟು ಕಳಿಸ್ತೀವಿ. ಕಾಲು ಗಂಟೆ ಕೆಲಸ."

ಕಾಜಕ್ಕನ ಹತ್ತಿರ ಆಗ ಫೋನಿರಲಿಲ್ಲ. ಗಂಡನ ನಂಬರು ಕೊಟ್ಟಳು.

ತಿಂಗಳು ಕಳೆಯಿತು, ಎರಡು ತಿಂಗಳು ಕಳೆಯಿತು. ಮನೆಗೆ ಬಂದವಳು ದಿನಾ ಒಂದು ಸಲ ಕೇಳುತ್ತಿದ್ದಳು. "ರೀ, ಆಸ್ಪತ್ರೆಯಿಂದ ಏನಾದ್ರೂ ಬಂತಾ?"

"ಇಲ್ಲ" ಎನ್ನುತ್ತಿದ್ದನು ಅವನು, ಹಾಳೆಯಿಂದ ತಲೆಯೆತ್ತದೆ.

ಬರಲಿಲ್ಲವೆಂದರೆ ಒಳ್ಳೆಯದೇ ಆಯಿತಲ್ಲ. ಮೂರನೆಯ ತಿಂಗಳಿಗೆ ಕೇಳುವುದನ್ನೂ ಬಿಟ್ಟಳು.

ಆ ವರ್ಷವೇ ಗಂಡ ತನ್ನ ಹಾಸಿಗೆಯನ್ನು ಹೊರಗಿನ ಕೋಣೆಗೆ ಸಾಗಿಸಿದ. ಬೆನ್ನುನೋವು ಎಂದ. ಮಾತು ಕಮ್ಮಿಯಾಯಿತು. ಶೆಡ್ಡಿನಿಂದ ಹತ್ತು ನಿಮಿಷ ತಡವಾದರೆ ಬಾಗಿಲಲ್ಲೇ ನಿಂತಿರುತ್ತಿದ್ದ. "ಯಾರ ಜೊತೆ ಬಂದೆ?" ಎಂದು ಕೇಳುತ್ತಿದ್ದ. ಅವಳು ಕುಡಿದ ಲೋಟವನ್ನು ಬೇರೆ ಇಡತೊಡಗಿದ. ವಯಸ್ಸಾಗುತ್ತಿದೆ, ಚಾಳೀಸು ಬಂದ ಹಾಗೆ ಸಿಡುಕೂ ಬಂದಿದೆ ಎಂದು ಇವಳು ಸಮಾಧಾನ ಮಾಡಿಕೊಂಡಳು. ಮೂವತ್ತು ವರ್ಷ ಬಾಳಿದ ಮೇಲೆ ಗಂಡಸು ಬೇರೆ ಕೋಣೆಯಲ್ಲಿ ಮಲಗಿದರೆ ಅದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಬಾಯಿಬಿಟ್ಟರೆ ಬಣ್ಣಗೇಡು.

ಹೀಗೆ ಐದು ವರ್ಷ.

ಐವತ್ತಕ್ಕೆ ಅವಳ ಮುಟ್ಟು ನಿಂತಿತ್ತು. ಐವತ್ತೆರಡರಲ್ಲಿ ಒಂದು ದಿನ ಕೂರುವ ಸ್ಟೂಲಿನ ದಿಂಬಿನ ಮೇಲೆ ಕೆಂಪು ಕಲೆ ಕಂಡಿತು. ದಿಂಬಿನ ಚೀಲ ಮಗುಚಿ ಹಾಕಿದಳು. ಇನ್ನೊಂದು ವಾರಕ್ಕೆ ಮತ್ತೆ ಕಂಡಿತು. ಕೋಟುಗಳ ಹಂಗಾಮು, ಎಂಟು ಗಂಟೆ ಕೂತರೆ ದೇಹದ ಉಷ್ಣ ಏರದೆ ಏನಾಗುತ್ತದೆ ಎಂದುಕೊಂಡಳು. ನೀರು ಹೆಚ್ಚು ಕುಡಿದಳು. ವಾಸನೆಯ ಬಿಳಿಸೆರಗು ಶುರುವಾಯಿತು. ದಿನಕ್ಕೆ ಎರಡು ಸಲ ಸ್ನಾನ ಮಾಡಿದಳು. ಸೊಂಟದ ಕೆಳಗೆ ಬಿಗಿಹಿಡಿದ ಹಾಗೆ ನೋವು ಬಂತು. ಎಣ್ಣೆ ತಿಕ್ಕಿಕೊಂಡಳು. ಐದು ತಿಂಗಳು ಹೀಗೇ ತಳ್ಳಿದಳು. ಮನಸ್ಸಿಗೆ ಆ ಹೆದರಿಕೆ ಬರಲಿಲ್ಲವೆಂದಲ್ಲ, ಬಂದಿತ್ತು. ಬಂದಾಗಲೆಲ್ಲ ಒಂದೇ ಉತ್ತರ ಹೇಳಿಕೊಳ್ಳುತ್ತಿದ್ದಳು: ನನಗೆ ಪರೀಕ್ಷೆ ಆಗಿದೆಯಲ್ಲ, ಏನೂ ಇಲ್ಲ ಅಂತ ಆಗಿದೆಯಲ್ಲ.

ಕೊನೆಗೆ ಮಗಳೇ ಬಂದು ಎಳೆದುಕೊಂಡು ಹೋದಳು. ಬೇರೆ ಬಡಾವಣೆಗೆ ಮದುವೆಯಾಗಿ ಹೋಗಿದ್ದ ಅವಳು ಒಂದು ಭಾನುವಾರ ಬಂದಾಗ, ಅಮ್ಮ ಗೋಡೆ ಹಿಡಿದು ಏಳುವುದನ್ನು ಕಂಡಿದ್ದಳು.

ಆಸ್ಪತ್ರೆಯ ಡಾಕ್ಟರಮ್ಮ ನೋಡಿದರು, ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ಎಂಟು ದಿನ ಬಿಟ್ಟು ಕರೆಸಿ, ತಾಯಿ ಮಗಳಿಬ್ಬರನ್ನೂ ಕೂರಿಸಿಕೊಂಡು, ಕ್ಯಾನ್ಸರ್ ಆಗಿದೆ, ಗರ್ಭಕೋಶದ ಬಾಯಿಯಿಂದ ಪಕ್ಕಕ್ಕೂ ಹರಡಿದೆ, ಆಪರೇಷನ್ ಮಾಡುವ ಹಂತ ದಾಟಿದೆ, ಆದರೆ ಕೈಬಿಡುವ ಹಂತ ಬಂದಿಲ್ಲ ಎಂದು ಬಿಡಿಸಿ ಹೇಳಿದರು. ಮಗಳು ಅಳತೊಡಗಿದಳು. ಕಾಜಕ್ಕ ಅಳಲಿಲ್ಲ.

"ಅದು ಹೇಗಮ್ಮ? ನನಗೆ ಪರೀಕ್ಷೆ ಆಗಿತ್ತಲ್ಲ. ನಿಮ್ಮ ವ್ಯಾನೇ ಬಂದಿತ್ತು. ಏನೂ ಇಲ್ಲ ಅಂತ ಆಗಿತ್ತು."

ಡಾಕ್ಟರಮ್ಮ ಕಂಪ್ಯೂಟರಿನಲ್ಲಿ ಹುಡುಕಿದರು. ಪರದೆಯನ್ನು ಇವರ ಕಡೆ ತಿರುಗಿಸಿದರು.

"ಇದೆಯಲ್ಲಮ್ಮ ನಿಮ್ಮ ಹೆಸರು. ಆಗಲೇ ವೈರಸ್ ಇತ್ತು. ಬನ್ನಿ ಅಂತ ಎರಡು ಸಲ ಪತ್ರ ಹೋಗಿದೆ. ಬರಲಿಲ್ಲ ಅಂತ ಫೋನೂ ಮಾಡಿದ್ದಾರೆ. 'ಮನೆಯವರು ಮಾತಾಡಿದರು, ಬೇರೆ ಕಡೆ ತೋರಿಸುತ್ತಿದ್ದಾರಂತೆ' ಅಂತ ಬರೆದಿದೆ ಇಲ್ಲಿ. ಬೇರೆ ಎಲ್ಲಿ ತೋರಿಸಿದ್ರಿ?"

ಕಾಜಕ್ಕ ಕೇಳಿದ್ದು ಒಂದೇ ಪ್ರಶ್ನೆ. "ಆಗ ಬಂದಿದ್ರೆ?"

ಡಾಕ್ಟರಮ್ಮನಿಗೆ ಸುಳ್ಳು ಹೇಳಲು ಬರಲಿಲ್ಲ. "ಆಗ ಬಂದಿದ್ರೆ, ಬಹುಶಃ, ಕಾಲು ಗಂಟೆ ಕೆಲಸ" ಎಂದರು.

ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಬೇಕಾಯಿತು ಎನ್ನುತ್ತಾರಲ್ಲ, ಅದು ಗಾದೆ. ಆ ಕುರ್ಚಿಯಲ್ಲಿ ಕೂತವಳಿಗೆ ಅದು ಗಾದೆಯಾಗಿರಲಿಲ್ಲ.

ಸಂಜೆ ಆರು ಗಂಟೆಗೆ ಗಂಡ ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತು ಹಾಳೆ ತಿದ್ದುತ್ತಿದ್ದ. ಕಾಜಕ್ಕ ಚಪ್ಪಲಿ ಬಿಟ್ಟು ನೇರ ಅವನ ಮುಂದೆ ಹೋಗಿ ನಿಂತಳು. ಮಗಳು ಬಾಗಿಲಲ್ಲೇ ನಿಂತಳು.

"ನನ್ನ ಪತ್ರ ಎಲ್ಲಿ?"

"ಯಾವ ಪತ್ರ?"

"ಎರಡು ಬಂದಿದ್ವಂತೆ."

ಅವನು ಕನ್ನಡಕ ತೆಗೆದು ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. ಆಮೇಲೆ ಎದ್ದು, ಕಪಾಟಿನ ಮೇಲಿನ ಅರೆಯಿಂದ ದಪ್ಪನೆಯ ನಿಘಂಟು ಇಳಿಸಿ, ನಡುವಿನಿಂದ ಎರಡು ಲಕೋಟೆ ತೆಗೆದು ಮೇಜಿನ ಮೇಲಿಟ್ಟ. ಹರಿದು ಎಸೆದಿರಲಿಲ್ಲ. ಅಚ್ಚಾದ ಕಾಗದವನ್ನು ಹರಿಯುವುದು ಅವನ ಜನ್ಮದಲ್ಲಿ ಇರಲಿಲ್ಲ.

"ಅದರಲ್ಲಿ ಏನು ಬರೆದಿತ್ತು ಗೊತ್ತೇನೇ ನಿನಗೆ? ಲೈಂಗಿಕ ಸಂಪರ್ಕದಿಂದ ಹರಡೋ ವೈರಸ್ ಅಂತ ಬರೆದಿತ್ತು. ನಾನು ಓದಿದೆ. ಒಂದಲ್ಲ, ಮೂರು ಸಲ ಓದಿದೆ. ಓದಿದ ಮೇಲೆ ನಿನ್ನ ಕೈಗೆ ಏನಂತ ಕೊಡಲಿ?"

ಕಾಜಕ್ಕ ಲಕೋಟೆ ಬಿಚ್ಚಿದಳು. ತನ್ನ ಹೆಸರಿಗೆ ಬಂದ ಪತ್ರವನ್ನು ತಾನೇ ಓದುತ್ತಿದ್ದುದು ಮದುವೆಯಾದ ಮೇಲೆ ಅದೇ ಮೊದಲು. ಆ ಸಾಲಿನ ಕೆಳಗೆ ಕೆಂಪು ಪೆನ್ಸಿಲಿನ ಗೆರೆ ಇತ್ತು. ಅದರ ಕೆಳಗಿನ ಸಾಲುಗಳಿಗೆ ಗೆರೆ ಇರಲಿಲ್ಲ. ಅವಳು ಅವನ್ನು ಗಟ್ಟಿಯಾಗಿ, ಶಾಲೆಯ ಮಗು ಓದುವ ಹಾಗೆ, ಒಂದೊಂದೇ ಪದ ಬಿಡಿಸಿ ಓದಿದಳು. "ಇದು ಬಹಳ ಜನರಲ್ಲಿ ಇರುವ ವೈರಸ್. ಗಂಡಸರಲ್ಲೂ ಹೆಂಗಸರಲ್ಲೂ ಇರುತ್ತದೆ. ಹಲವು ವರ್ಷ ಗೊತ್ತಾಗದೆ ದೇಹದಲ್ಲಿ ಇರಬಹುದು. ಯಾವಾಗ, ಯಾರಿಂದ ಬಂತು ಎಂದು ಹೇಳಲು ಸಾಧ್ಯವಿಲ್ಲ. ಇದರಿಂದ ಯಾರ ನಡತೆಯನ್ನೂ ಅಳೆಯಬಾರದು. ದಯವಿಟ್ಟು ಒಂದು ತಿಂಗಳೊಳಗೆ ಬನ್ನಿ."

ಓದಿ ಮುಗಿಸಿ ಕೇಳಿದಳು. "ಒಂದು ಕೊಂಬು ತಪ್ಪಿದ್ರೂ ಹಿಡೀತೀರಿ. ಇಷ್ಟು ಸಾಲು ಕಣ್ಣಿಗೆ ಬೀಳಲಿಲ್ವಾ?"

ಅವನು ಕನ್ನಡಕ ಮತ್ತೆ ಏರಿಸಿಕೊಂಡ.

"ಯಾರು ಅಂದ್ಕೊಂಡ್ರಿ?"

"ಬಿಡು ಈಗ ಅದು."

"ಹೇಳಿ. ಐದು ವರ್ಷ ನನ್ನ ಲೋಟ ಬೇರೆ ಇಟ್ರಲ್ಲ. ಯಾರು ಅಂತ ಹೇಳಿ."

"ಆ ಕಟಿಂಗ್ ಮಾಸ್ಟರು."

ಬಾಗಿಲಲ್ಲಿ ನಿಂತಿದ್ದ ಮಗಳ ಬಾಯಿಂದ ಒಂದು ಸದ್ದು ಹೊರಬಂತು. ನಗುವೂ ಅಲ್ಲ, ಅಳುವೂ ಅಲ್ಲ. ಮೆಟ್ಟಿಲು ಹತ್ತಲು ಇಬ್ಬರ ಭುಜ ಬೇಕಾಗುವ ಮುದುಕ! ಕಾಜಕ್ಕನಿಗೆ ಮಾತ್ರ ನಗು ಬರಲಿಲ್ಲ. ಅಲ್ಲಿದ್ದ ಕುರ್ಚಿಯ ಬೆನ್ನು ಹಿಡಿದುಕೊಂಡು, ದನಿ ಏರಿಸದೆ ಹೇಳಿದಳು.

"ಬೈದಿದ್ರೂ ಆಗ್ತಿತ್ತಲ್ರೀ. ಜುಟ್ಟು ಹಿಡಿದು 'ಇದೇನೇ' ಅಂತ ಮುಖದ ಮೇಲೆ ಎಸೆದಿದ್ರೂ ಆಗ್ತಿತ್ತು. ಎಸೆದಿದ್ರೆ ಎತ್ತಿಕೊಂಡು ಓದ್ತಿದ್ದೆ. ಅಷ್ಟು ಜಗಳ ಆಡೋ ಯೋಗ್ಯತೆನೂ ನನಗಿರಲಿಲ್ವಾ?"

ಅವನು ಮೇಜಿನ ಅಂಚನ್ನೇ ನೋಡುತ್ತಿದ್ದ.

"ನಿಮ್ಮಿಂದಲೇ ಬಂದಿರಬಹುದು ಅಂತ ಒಂದು ಸಲಾನೂ ಅನ್ನಿಸಲಿಲ್ವಾ?"

ಆಗ ಅವನ ಕಿವಿ ಕೆಂಪಾದದ್ದನ್ನು ಅವಳು ಕಂಡಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ಕೈ ಕುತ್ತಿಗೆಗೆ ಹೋಯಿತು. ಅವಳು ಮುಂದೆ ಕೇಳಲಿಲ್ಲ. ಅದು ಯಾರಿಂದ ಬಂತೆಂದು ತಿಳಿಯುವ ದಾರಿಯೇ ಇಲ್ಲ ಎಂದು ಪತ್ರವೇ ಹೇಳುತ್ತಿತ್ತು. ಪತ್ರವನ್ನು ಮುಚ್ಚಿಟ್ಟವನು ಯಾರೆಂದು ತಿಳಿದಿತ್ತು. ಅವಳಿಗೆ ಅಷ್ಟು ಸಾಕಾಯಿತು.

ಮಾರನೆಯ ವಾರ ಚಿಕಿತ್ಸೆ ಶುರುವಾಯಿತು. ಇಪ್ಪತ್ತೈದು ದಿನ ರೇಡಿಯೇಷನ್, ವಾರಕ್ಕೊಂದು ಸಲ ತೋಳಿಗೆ ಔಷಧದ ಬಾಟಲಿ, ಕೊನೆಯಲ್ಲಿ ಒಳಗಿನಿಂದಲೇ ಕೊಡುವ ಕಿರಣ. ಮಗಳಿಗೆ ಕೆಲಸವಿತ್ತು, ಶಾಲೆಗೆ ಹೋಗುವ ಮಗುವಿತ್ತು. ಆದ್ದರಿಂದ ದಿನಾ ಕರೆದುಕೊಂಡು ಹೋಗುವವನು ಗಂಡನೇ ಆದ. ಮುದ್ರಣಾಲಯಕ್ಕೆ ರಜೆ ಹಾಕಿದ. ನೀರಿನ ಬಾಟಲಿ, ಟವೆಲ್, ಫೈಲು, ವಾಂತಿಗೊಂದು ಚೀಲ, ಎಲ್ಲ ಅವನ ಕೈಯಲ್ಲಿ. ಮನೆಯಲ್ಲಿ ಪಾತ್ರೆ ತೊಳೆದ, ಗಂಜಿ ಕಾಸಿದ, ಅವಳ ಕೊಳೆಯಾದ ಬಟ್ಟೆ ಒಗೆದ. ಏನು ಮಾಡಿದರೂ ಅವಳು ಬೇಡ ಎನ್ನಲಿಲ್ಲ. ಬೇಡ ಎನ್ನಲು ಮೈಯಲ್ಲಿ ಶಕ್ತಿ ಬೇಕು. ಮಾತು ಮಾತ್ರ ಆಡಲಿಲ್ಲ. ಬೇಕು, ಸಾಕು, ನಡೀರಿ, ಇಷ್ಟೇ.

ಕಿರಣದ ಕೋಣೆಯ ಹೊರಗೆ ಉದ್ದನೆಯ ಬೆಂಚುಗಳು. ದಿನಾ ಅದೇ ಹೆಂಗಸರು, ತಲೆಗೆ ಬಟ್ಟೆ ಸುತ್ತಿಕೊಂಡವರು, ಮೂತ್ರದ ಉರಿಗೆ ಕೂತಲ್ಲೇ ಒದ್ದಾಡುವವರು. ಅವರಲ್ಲೊಬ್ಬಳನ್ನು ಗಂಡನೇ ಬಿಟ್ಟುಹೋಗಿದ್ದ. ಅವಳು ಕಾಜಕ್ಕನ ಗಂಡನನ್ನು ಕಣ್ತುಂಬ ನೋಡಿ ಹೇಳಿದಳು. "ಪುಣ್ಯ ಮಾಡಿದ್ದೀಯಕ್ಕ. ಚಿನ್ನದಂಥ ಗಂಡ. ನನ್ನವನು ಕಾಯಿಲೆ ಹೆಸರು ಕೇಳಿದ ದಿನಾನೇ ಚೀಲ ಕಟ್ಟಿದ."

ಬೆಂಚಿನವರೆಲ್ಲ ಹೌದು ಹೌದು ಎಂದರು. ಹದಿನೇಳು ದಿನದಿಂದ ಈ ಮಾತನ್ನು ಒಬ್ಬರಲ್ಲ ಒಬ್ಬರು ಹೇಳುತ್ತಿದ್ದರು. ಹದಿನೇಳು ದಿನ ಕಾಜಕ್ಕ ನುಂಗಿಕೊಂಡಿದ್ದಳು. ಅಂದು ನುಂಗಲಾಗಲಿಲ್ಲ.

"ಚಿನ್ನವೇ ಕಣಮ್ಮ" ಎಂದಳು, ಬೆಂಚಿನ ಆ ತುದಿಗೂ ಕೇಳುವ ಹಾಗೆ. "ಐದು ವರ್ಷದ ಹಿಂದೆ ಪರೀಕ್ಷೆ ಮಾಡಿಸಿದ್ದೆ. ಬನ್ನಿ, ಕಾಲು ಗಂಟೇಲಿ ಸರಿಮಾಡ್ತೀವಿ ಅಂತ ಆಸ್ಪತ್ರೆಯವರು ಪತ್ರ ಹಾಕಿದ್ರು. ಈ ಚಿನ್ನ ಅದನ್ನ ಪುಸ್ತಕದೊಳಗೆ ಮುಚ್ಚಿಟ್ಟುಕೊಂಡಿತ್ತು. ನಾನು ಯಾರ ಜೊತೆಗೋ ಹೋಗಿದ್ದೀನಿ ಅಂತ."

ಗಂಡ ಫೈಲನ್ನು ಎದೆಗೆ ಅವಚಿಕೊಂಡು ನಿಂತಿದ್ದ. ಹೊರಗೆ ಹೋಗಬಹುದಿತ್ತು, ಹೋಗಲಿಲ್ಲ. ಒಳಗಿಂದ ಅವಳ ಹೆಸರು ಕೂಗಿದರು. ಏಳಲು ಅವನೇ ಕೈ ಕೊಟ್ಟ. ಅವಳು ಆ ಕೈ ಹಿಡಿದೇ ಎದ್ದಳು. ಬೇರೆ ಹಿಡಿಯಲು ಅಲ್ಲಿ ಏನೂ ಇರಲಿಲ್ಲ.

ಚಿಕಿತ್ಸೆ ಮುಗಿದ ಮೇಲೆ ಒಂದು ದಿನ ರೇಡಿಯೋ ನೋಡಲು ಬಂದಳು. ಯಾವತ್ತೂ ಬಾಗಿಲಾಚೆಯಿಂದಲೇ ಮಾತು ಶುರುಮಾಡುವವಳು ಅಂದು ಬಂದು ಸುಮ್ಮನೆ ಕೂತಳು. ಸೆರಗಿನ ತುದಿ ತಿರುವುತ್ತಾ ಕೂತಳು.

"ಅಕ್ಕ, ನನಗೂ ಪತ್ರ ಬಂದಿತ್ತು" ಎಂದಳು.

ಕಾಜಕ್ಕ ದಿಂಬಿನಿಂದ ತಲೆಯೆತ್ತಿದಳು.

"ಆವಾಗಲೇ, ಆ ವ್ಯಾನು ಬಂದು ಹೋದ ಎರಡು ತಿಂಗಳಿಗೆ. ಹೋದೆ. ಒಂದು ಕಲೆ ಇತ್ತಂತೆ, ಸುಟ್ಟು ಕಳಿಸಿದ್ರು. ಮಧ್ಯಾಹ್ನ ವಾಪಸ್ ಬಂದು ಮೆಷಿನ್ ಮೇಲೆ ಕೂತೆ. ಹಲ್ಲು ಕೀಳಿಸೋಕೆ ಹೋಗಿದ್ದೆ ಅಂದಿದ್ದೆ ನಿಮಗೆಲ್ಲ."

"ಊರಿನ ವಿಷಯ ಎಲ್ಲ ಹೇಳ್ತೀಯಲ್ಲೇ" ಎಂದಳು ಕಾಜಕ್ಕ. "ಇದೊಂದು ಹೇಳೋಕಾಗಲಿಲ್ವಾ? ನೀನು ಹೇಳಿದ್ದಿದ್ರೆ, ನನಗೇಕೆ ಬರಲಿಲ್ಲ ಅಂತ ಒಂದು ಸಲ ಹೋಗಿ ಕೇಳ್ತಿದ್ದೆನೇನೋ."

"ಆ ಜಾಗದ ಕಾಯಿಲೆ ಅಕ್ಕ. ಏನಂದ್ಕೊಳ್ತಾರೋ ಅಂತ..." ರೇಡಿಯೋ ಅತ್ತಳು. ಕಾಜಕ್ಕ ಅವಳನ್ನು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಗಂಡನದೊಂದೇ ಅಲ್ಲ, ಈ ನಾಚಿಕೆ ಎನ್ನುವುದು ಎಷ್ಟು ಜನರ ಬಾಯಿ ಹೊಲಿದಿದೆ ಎಂದು ಅವಳಿಗೆ ಅಂದು ತಿಳಿಯಿತು. ತಿಳಿದು ಕೋಪ ಇನ್ನೂ ಹೆಚ್ಚಾಯಿತು.

ಕಾಯಿಲೆ ಸದ್ಯಕ್ಕೆ ಹಿಂದೆ ಸರಿದಿತ್ತು. ಮೂರು ತಿಂಗಳಿಗೊಮ್ಮೆ ತೋರಿಸಬೇಕು. ಆದರೆ ಕರುಳು ಸುಟ್ಟಿತ್ತು, ಮೂತ್ರ ತಡೆಯಲಾಗುತ್ತಿರಲಿಲ್ಲ, ಒಂದು ಗಂಟೆಗಿಂತ ಹೆಚ್ಚು ಕೂರಲಾಗುತ್ತಿರಲಿಲ್ಲ. ಶೆಡ್ಡಿನವರು ಅವಳ ಸ್ಟೂಲಿಗೆ ಬೇರೆಯವಳನ್ನು ಕೂರಿಸಿದರು. ಅದು ತಪ್ಪೆಂದು ಅವಳೂ ಹೇಳಲಿಲ್ಲ.

ಮಗಳಿಗೆ ಮೂವತ್ತೊಂದಾಗಿತ್ತು. ಅವಳನ್ನು ಪರೀಕ್ಷೆಗೆ ಕಳಿಸಿದ್ದು ಕಾಜಕ್ಕನೇ. ವರದಿಯನ್ನು ಕೈಗೇ ತೆಗೆದುಕೊಂಡು ಬಾ ಎಂದಳು. ಏನೂ ಇರಲಿಲ್ಲ. ಮೊಮ್ಮಗಳಿಗೆ ಹತ್ತು ವರ್ಷ. ಈ ವೈರಸ್ ಬರದ ಹಾಗೆ ಲಸಿಕೆ ಇದೆ, ಒಂಬತ್ತರಿಂದ ಹದಿನಾಲ್ಕರೊಳಗೆ ಹಾಕಿಸಿದರೆ ಚೆನ್ನಾಗಿ ಹಿಡಿಯುತ್ತದೆ, ಹಾಕಿಸಿಕೊಂಡವರೂ ಮೂವತ್ತಾದ ಮೇಲೆ ಪರೀಕ್ಷೆ ಬಿಡಬಾರದು ಎಂದು ಡಾಕ್ಟರಮ್ಮ ಹೇಳಿದ್ದರು. ಅಳಿಯ ಒಪ್ಪಲಿಲ್ಲ.

"ಅತ್ತೆ, ಇನ್ನೂ ಹಾಲುಹಲ್ಲಿನ ಮಗು ಅದು. ಅಂಥ ಕಾಯಿಲೆಗೆ ಈಗಲೇ ಯಾಕೆ ಸೂಜಿ? ಕೇಳಿದವರು ಏನಂತಾರೆ?"

"ಮನೆ ಕಟ್ಟೋವಾಗಲೇ ಬೀಗ ಹಾಕಿಸ್ತೀರೋ, ಕಳ್ಳ ಬಂದ ಮೇಲೋ?" ಎಂದು ಕೇಳಿದಳು ಕಾಜಕ್ಕ. "ಕೇಳಿದವರು ಏನಾದ್ರೂ ಅನ್ನಲಿ. ಅಂದವರು ಯಾರೂ ನನ್ನ ಜೊತೆ ಆ ಬೆಂಚಿನ ಮೇಲೆ ಬಂದು ಕೂತಿರಲಿಲ್ಲ ಕಣಪ್ಪ. ನೀವು ಕರ್ಕೊಂಡು ಹೋಗದಿದ್ರೆ ನಾನು ಹೋಗ್ತೀನಿ, ದಾರೀಲಿ ನಾಲ್ಕು ಕಡೆ ಕೂತ್ಕೊಂಡಾದ್ರೂ."

ಅಳಿಯ ಒಂದು ವಾರ ಮುಖ ಊದಿಸಿಕೊಂಡಿದ್ದ. ಆಮೇಲೆ ಆಯಿತು ಎಂದ.

ಲಸಿಕೆ ಹಾಕಿಸಿಕೊಂಡ ದಿನ ಮೊಮ್ಮಗಳು ಅಜ್ಜಿಯ ಮನೆಗೆ ಬಂದಳು. ತೋಳು ಹಿಡಿದುಕೊಂಡು ಅಜ್ಜಿಯ ಹಾಸಿಗೆಯ ಮೇಲೆ ಹತ್ತಿ ಕೂತು ಕೇಳಿದಳು. "ಇದು ಯಾಕೆ ಅಜ್ಜಿ? ಅಪ್ಪನ್ನ ಕೇಳಿದ್ರೆ ಜ್ವರಕ್ಕೆ ಅಂತಾರೆ. ನನಗೆ ಜ್ವರಾನೇ ಇಲ್ಲ."

ತಾತ ಕಿಟಕಿಯ ಪಕ್ಕದ ಮೇಜಿನಲ್ಲಿ ಹಾಳೆ ನೋಡುತ್ತಿದ್ದವನು ಮೆಲ್ಲಗೆ ಎದ್ದು ಬಾಗಿಲ ಕಡೆ ಹೊರಟ.

"ಕೂತ್ಕೊಳ್ಳಿ" ಎಂದಳು ಕಾಜಕ್ಕ. ಎಷ್ಟೋ ತಿಂಗಳಾದ ಮೇಲೆ ಅವನಿಗೆ ತಾನಾಗಿ ಆಡಿದ ಮಾತು. ಅವನು ಕೂತ.

ಅವಳು ಮೊಮ್ಮಗಳಿಗೆ ಹೇಳಿದಳು. ಹೆಣ್ಣಿನ ಹೊಟ್ಟೆಯಲ್ಲಿ ಗರ್ಭಕೋಶ ಇರುತ್ತದೆ, ಅದಕ್ಕೊಂದು ಬಾಯಿ ಇರುತ್ತದೆ, ಅಲ್ಲಿಗೆ ಬರುವ ರೋಗವನ್ನು ಈ ಸೂಜಿ ತಡೆಯುತ್ತದೆ. ಆರು ತಿಂಗಳು ಬಿಟ್ಟು ಇನ್ನೊಂದು ಹಾಕಿಸಬೇಕು. ದೊಡ್ಡವಳಾದ ಮೇಲೆ ಪರೀಕ್ಷೆ ಮಾಡಿಸಬೇಕು. ಅದಕ್ಕೆ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಆ ಪದಗಳನ್ನು ಆ ಮನೆಯಲ್ಲಿ ಅಷ್ಟು ಗಟ್ಟಿಯಾಗಿ ಯಾರೂ ಯಾವತ್ತೂ ಆಡಿರಲಿಲ್ಲ. ಅವಳು ಆಡಿದಳು, ನಡುವೆ ಎರಡು ಸಲ ಉಸಿರು ತೆಗೆದುಕೊಂಡು.

ಮಗು ಕೇಳಿಸಿಕೊಂಡು ಸ್ವಲ್ಪ ಯೋಚಿಸಿತು.

"ನಿನಗೆ ಆಗಿದ್ದು ಅದೇನಾ?"

"ಅದೇ."

"ಮೊದಲೇ ಗೊತ್ತಾಗಿದ್ರೆ ವಾಸಿ ಆಗ್ತಿತ್ತಾ?"

"ಆಗ್ತಿತ್ತು."

"ಯಾರಿಗೂ ಗೊತ್ತಾಗಲಿಲ್ವಾ ಹಾಗಾದ್ರೆ?"

ಕಾಜಕ್ಕ ಗಂಡನ ಕಡೆ ನೋಡಿದಳು. ಅವನ ಕೈ ಹಾಳೆಯ ಮೇಲೆ ನಿಂತಿತ್ತು.

"ತಾತಂಗೆ ಗೊತ್ತಿತ್ತು ಮಗಾ" ಎಂದಳು.